ಅಪ್‌ಡೇಟ್: 12 ಮೊಟ್ಟೆಗೆ 4 ಮರಿ ಯಾಕೆ ಅಂತ ಗೊತ್ತಾಯ್ತು

ನಾಟಿ ಹೇಂಟೆಯ ಕಾವಿಗೆ 12 ಮೊಟ್ಟೆ ಇಟ್ಟರೆ 4 ಮಾತ್ರ ಮರಿಯಾದವು, ಯಾಕೆ ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ದೋಷ ಹೇಂಟೆಯದ್ದಲ್ಲ, ಅರ್ಧ ಮೊಟ್ಟೆ 15 ದಿನ ಹಳೆಯವು. ಈ ಸಲ 7 ದಿನದೊಳಗಿನ 10 ಮಾತ್ರ ಇಟ್ಟೆ. ಕಾವಿಗೆ ಇಡುವವರೆಗೆ ಚೂಪು ತುದಿ ಕೆಳಗಾಗಿ, ತಂಪು ಮೂಲೆಯಲ್ಲಿ ಕೂಡಿಟ್ಟಿದ್ದೆ (ಫ್ರಿಜ್ ಬೇಡವೇ ಬೇಡ, ತೊಳೆಯಲೂಬಾರದು). 7ನೇ ರಾತ್ರಿ ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡಿದಾಗ 9ರಲ್ಲಿ ಜೇಡದ ಕಾಲಿನಂತೆ ಕೆಂಪು ನರ ಹರಡಿತ್ತು, ಅಂದರೆ ಮರಿ ಬೆಳೆಯುತ್ತಿದೆ. ಒಂದರಲ್ಲಿ ಬರೀ ಹಳದಿ ಬೆಳಕು, ಮರಿ ಕಟ್ಟಿರಲಿಲ್ಲ, ಅದನ್ನು ತೆಗೆದೆ. 21ನೇ ದಿನಕ್ಕೆ 8 ಮರಿ!

ಈಗಿನ ಭಯ ಕೊಕ್ಕರೆ ರೋಗದ್ದು (ಕೋಳಿಗಳಿಗೆ ಹರಡುವ ವೈರಸ್ ರೋಗ, ರಾಣಿಖೇತ್ ಅಂತಲೂ ಹೇಳುತ್ತಾರೆ). ಮರಿ ಹುಟ್ಟಿದ 7ನೇ ದಿನ ಅದನ್ನು ತಡೆಯುವ ಲಸೋಟ ಲಸಿಕೆ, ಕಣ್ಣಿಗೊಂದು ಹನಿ. 28ನೇ ದಿನ ಮತ್ತೊಮ್ಮೆ. ಐಸ್‌ನಲ್ಲೇ ತಂದು, ಲಸಿಕೆ ಪುಡಿಯನ್ನು ದ್ರಾವಣದಲ್ಲಿ ಕಲಸಿದ ಮೇಲೆ 2 ಗಂಟೆಯೊಳಗೆ ಮುಗಿಸಬೇಕು. ಬಿಸಿಲಿಗೆ ಕಾದ ಲಸಿಕೆ ಹಾಕಿದರೂ ಹಾಕದಂತೆಯೇ.