ಲೆವೆಲ್ ಏರುಪೇರು ಮಾಡಿದರೂ ಅಕ್ಕ ಎಲ್ಲಾ ಸರಿ ಹೇಳ್ತಾಳೆ, ಕೋಡ್ ತಪ್ಪಾ?

ಕಿವಿಗೊಟ್ಟವ:
ಪೈಥಾನ್‌ನಲ್ಲಿ ಒಂದು ಕೇಳುವ ಪರೀಕ್ಷೆ ಬರೆದಿದ್ದೇನೆ. 200ರಿಂದ 5000 ಹರ್ಟ್ಸ್‌ವರೆಗೆ ಲಾಗ್ ಅಂತರದಲ್ಲಿ (ಪ್ರತಿಯೊಂದೂ ಹಿಂದಿನದರ ಅಷ್ಟೇ ಪಟ್ಟು) 11 ಸೈನ್ ಟೋನ್‌ಗಳು, ಅಂದರೆ ಒಂದೇ ಫ್ರೀಕ್ವೆನ್ಸಿಯ ಶುದ್ಧ ಸದ್ದುಗಳು, ಎಲ್ಲಾ ಒಂದೇ ಮಟ್ಟ, ಒಟ್ಟಿಗೆ ನುಡಿಯುತ್ತವೆ. ಹೀಗೆ ಎರಡು ಸದ್ದು. ಒಂದರಲ್ಲಿ ಮಾತ್ರ ನಡುವಿನ 1000 ಹರ್ಟ್ಸ್ ಟೋನ್ 6 ಡಿಬಿ (ಡೆಸಿಬೆಲ್) ಜಾಸ್ತಿ, ಅದು ಯಾವುದು ಅಂತ ಹೇಳಬೇಕು. ಸುಮ್ನೆ ಜೋರಾಗಿದ್ದನ್ನು ಒತ್ತಬಾರದಲ್ವಾ, ಅದಕ್ಕೆ ಲೆವೆಲ್ಲನ್ನು 20 ಡಿಬಿ ವ್ಯಾಪ್ತಿಯಲ್ಲಿ ರ‍್ಯಾಂಡಮ್ ಮಾಡಿದ್ದೇನೆ. ಆದರೂ ಅಕ್ಕ 50ಕ್ಕೆ 50! ಹೇಗೆ ಅಂತ ಕೇಳಿದರೆ "ಒಂದು ಚೂರು ಜೋರಿತ್ತಲ್ಲ" ಅಂತಾಳೆ.

ಬಿಸಿಲುಕುದುರೆ:
ರ‍್ಯಾಂಡಮ್ ಸಾಲು ಲೂಪ್‌ನಲ್ಲಿ ಎಲ್ಲಿದೆ? ಪ್ರತಿ ಜೋಡಿಗೆ ಒಂದು ಸಲವೋ, ಪ್ರತಿ ಸದ್ದಿಗೂ ಬೇರೆ ಬೇರೆಯೋ?

ಕಿವಿಗೊಟ್ಟವ:
ಅಯ್ಯೋ. ಜೋಡಿಗೆ ಒಂದೇ ಸಲ.

ಬಿಸಿಲುಕುದುರೆ:
ಅಲ್ಲೇ ಇರೋದು. ಎರಡೂ ಸದ್ದು ಒಟ್ಟಿಗೆ ಏರಿ ಇಳಿದರೆ ಅವುಗಳ ನಡುವಿನ ವ್ಯತ್ಯಾಸ ಹಾಗೇ ಉಳಿಯುತ್ತೆ. ಆ ಸಾಲನ್ನು ಒಳಗಿನ ಲೂಪ್‌ಗೆ ತನ್ನಿ. ಲೆವೆಲ್ಲನ್ನು ಕೆಳಗೆ ಮಾತ್ರ ಇಳಿಸಿ, ಮೇಲೇರಿಸಿದರೆ ಅಲೆಯ ತುದಿ ಕತ್ತರಿಸಿಹೋಗಿ (ಕ್ಲಿಪ್ ಆಗಿ) ಇಲ್ಲದ ಫ್ರೀಕ್ವೆನ್ಸಿಗಳೆಲ್ಲ ಹುಟ್ಟಿಕೊಳ್ಳುತ್ತವೆ.

ಇನ್ನೊಂದು, ಅಂಕ ನೋಡುವ ಮೊದಲು ಈ ಲೆಕ್ಕ ಹಾಕಿಕೊಳ್ಳಿ. 6 ಡಿಬಿ ಅಂದ್ರೆ ಆ ಟೋನ್‌ನ ಪವರ್ 4 ಪಟ್ಟು. ಒಟ್ಟು 11 ಇದ್ದದ್ದು 14 ಆಗುತ್ತೆ, ಅಂದರೆ ಇಡೀ ಸದ್ದು ಏರಿದ್ದು ಸುಮಾರು 1 ಡಿಬಿ ಅಷ್ಟೇ. ಬರೀ ಜೋರು ನೋಡಿ ಒತ್ತುವವರಿಗೆ ಶೇ. 55 ಸಿಗುತ್ತೆ. ಉಳಿದದ್ದನ್ನೆಲ್ಲ ಬಿಟ್ಟು 1000 ಹರ್ಟ್ಸ್ ಒಂದನ್ನೇ ಹಿಡಿದು ಕೂತರೂ, 20 ಡಿಬಿ ಏರುಪೇರಿನಲ್ಲಿ ಸುಮಾರು ಶೇ. 75ಕ್ಕಿಂತ ಮೇಲೆ ಹೋಗೋಕೆ ಆಗಲ್ಲ. ಅದನ್ನೂ ದಾಟಿದರೆ ಕಿವಿ ಒಂದೇ ಸದ್ದಿನೊಳಗೆ ಅಕ್ಕಪಕ್ಕದ ಟೋನ್‌ಗಳ ಜೊತೆ ಹೋಲಿಸಿ ನೋಡ್ತಿದೆ ಅಂತ ಅರ್ಥ. ನಿಮ್ಮ ಅಂತರದಲ್ಲಿ ಪಕ್ಕದವು 725 ಮತ್ತು 1380 ಹರ್ಟ್ಸ್. ಕಿವಿ ಸದ್ದನ್ನು ಫ್ರೀಕ್ವೆನ್ಸಿ ಪಟ್ಟಿಗಳಾಗಿ ಬೇರ್ಪಡಿಸಿ ಕೇಳುತ್ತೆ, ಅಂಥ ಒಂದೊಂದು ಪಟ್ಟಿಯನ್ನು ಫಿಲ್ಟರ್ ಅನ್ನೋಣ. 1000ದ ಹತ್ತಿರ ಅದರ ಅಗಲ ಬರೀ 130 ಹರ್ಟ್ಸ್ ಆಸುಪಾಸು, ಹಾಗಾಗಿ ಮೂರೂ ಬೇರೆ ಬೇರೆ ಫಿಲ್ಟರ್‌ಗೆ ಬೀಳುತ್ತವೆ. 1980ರ ದಶಕದಲ್ಲಿ ಕೇಳುವಿಕೆಯ ಸಂಶೋಧಕ ಡೇವಿಡ್ ಗ್ರೀನ್ ಮತ್ತು ಜೊತೆಯವರು ಇದನ್ನೇ ಬೆನ್ನು ಹತ್ತಿ 'ಪ್ರೊಫೈಲ್ ಅನಾಲಿಸಿಸ್' ಅಂತ ಕರೆದರು. ನನಗೆ ತುಂಬಾ ಇಷ್ಟವಾದದ್ದು ಏನಂದ್ರೆ, ಎರಡು ಸದ್ದಿನ ನಡುವಿನ ಬಿಡುವು ಉದ್ದವಾದರೂ ಕೇಳುವವರಿಗೆ ಅಷ್ಟೇನೂ ಕಷ್ಟ ಆಗಲಿಲ್ಲ. ಹೋಲಿಕೆ ಸದ್ದಿನೊಳಗೇ ಇದೆಯಲ್ಲ, ಹಿಂದಿನದು ಎಷ್ಟು ಜೋರಿತ್ತು ಅಂತ ನೆನಪಿಡುವ ಅಗತ್ಯವೇ ಬರಲ್ಲ.

ಕಿವಿಗೊಟ್ಟವ:
ಸರಿ ಮಾಡಿ 100 ಸಲ ಓಡಿಸಿದೆ. ಮೊದಲ ಹತ್ತರಲ್ಲಿ ಅಕ್ಕ ತಡಬಡಾಯಿಸಿದಳು, "ಈಗ ಜೋರು ನಂಬೋ ಹಾಗಿಲ್ಲ" ಅಂತ ಗೊಣಗಿದಳು. ಆಮೇಲೆ ಹಿಡಿತಕ್ಕೆ ಬಂತು, ಒಟ್ಟು 91 ಸರಿ. ಈಗ ಕೇಳಿದರೆ "ಒಂದರಲ್ಲಿ ನಡುವೆ ಸೀಟಿ ಥರ ಎದ್ದು ಕೇಳುತ್ತೆ" ಅಂತಾಳೆ.

ನನ್ನದು 57. ಉತ್ತರಗಳ ದಾಖಲೆ ತೆಗೆದು ನೋಡಿದೆ, ಹೆಚ್ಚುಕಮ್ಮಿ ಎಲ್ಲಾ ಸಲವೂ ಜೋರಾಗಿದ್ದನ್ನೇ ಒತ್ತಿದ್ದೇನೆ.