ಅಪ್‌ಡೇಟ್: ಲೈಸೆನ್ಸ್ ಸಿಕ್ಕಿತು, ಬೈಕೂ ಬಂತು

ಎರಡು ತಿಂಗಳ ಹಿಂದೆ ಇಲ್ಲಿ ಕೇಳಿದ್ದೆ: ಟೆಸ್ಟ್‌ನಲ್ಲಿ ಎಂಟು ಹಾಕುವಾಗ ಕಾಲು ನೆಲಕ್ಕೆ ತಾಗಿ ಫೇಲ್ ಆದೆ, ಏನು ಮಾಡಲಿ? ಕಡಿಮೆ ಖರ್ಚಿನಲ್ಲಿ ಮೊದಲ ಬೈಕ್ ಎಂಥದ್ದು ತಗೊಳ್ಳಲಿ? ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ಎರಡನೇ ಸಲ ಪಾಸಾದೆ!

ನನಗೆ ಜಾಸ್ತಿ ಉಪಯೋಗವಾದ ಮಾತು ಇದು: ಮುಂದಿನ ಚಕ್ರ ನೋಡಬೇಡ, ಹೋಗಬೇಕಾದ ಕಡೆ ನೋಡು. ಕ್ಲಚ್ ಅರ್ಧ ಹಿಡಿದು, ಹಿಂದಿನ ಬ್ರೇಕ್ ಮೆತ್ತಗೆ ಒತ್ತಿಕೊಂಡು ತಿರುಗಿಸುವುದನ್ನು ದಿನಾ ಅರ್ಧ ಗಂಟೆ ಖಾಲಿ ಮೈದಾನದಲ್ಲಿ ಕಲಿತೆ. ಮೊದಲೆಲ್ಲ ತಿರುವಿನಲ್ಲಿ ಮುಂದಿನ ಬ್ರೇಕ್ ಹಿಡಿಯುತ್ತಿದ್ದೆ. ಅದಕ್ಕೇ ಬೈಕ್ ವಾಲಿ ಕಾಲು ಕೆಳಗೆ ಬರುತ್ತಿತ್ತು.

ಬೈಕ್ 125 ಸಿಸಿಯದು, ಸೆಕೆಂಡ್ ಹ್ಯಾಂಡ್. ದೊಡ್ಡ ಇಂಜಿನ್ ಆಸೆ ಇತ್ತು, ಆದರೆ ಕೂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ಊರುವ ಧೈರ್ಯವೇ ಬೇರೆ. ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಮಾರುವವರಿಗೆ ಹೇಳಿದ್ದೆ. ತಣ್ಣಗಿದ್ದ ಇಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ ಅಲ್ವಾ, ಇದರಲ್ಲಿ 2316 ಅಂತಿತ್ತು. ಅಂದರೆ 2016ರ 23ನೇ ವಾರ ತಯಾರಾದದ್ದು. ಗ್ರಿಪ್ ಚೆನ್ನಾಗಿ ಕಂಡರೂ ರಬ್ಬರ್ ಬಿರುಕು ಬಿಟ್ಟಿತ್ತು. ಅದನ್ನು ತೋರಿಸಿ ಬೆಲೆ ಇಳಿಸಿದೆ, ಎರಡೂ ಟೈರ್ ಹೊಸದು ಹಾಕಿಸಿದೆ. ಉಳಿದ ದುಡ್ಡಿಗೆ ಒಳ್ಳೆಯ ಹೆಲ್ಮೆಟ್, ಗ್ಲೌಸ್ ಬಂತು. ನಾಳೆ ಚೈನ್ ಬಿಗಿ ಮಾಡುವುದನ್ನು ಕಲಿಯುತ್ತೇನೆ.