ಪದಚರ್ಚೆ: ‘ಡಿಫಾರ್ಬ್’ ಮಾಡುವುದಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದ ಕಾಳಗಗಳನ್ನು ಅಂದಿನ ಉಡುಗೆ, ಅಂದಿನ ಆಯುಧ, ಅಂದಿನ ಕವಾಯತುಗಳೊಂದಿಗೆ ಮರಳಿ ಅಭಿನಯಿಸಿ ತೋರಿಸುವ ಹವ್ಯಾಸಿಗಳ ಬಗ್ಗೆ ಇಲ್ಲಿನ ಕನ್ನಡ ಕೂಟದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆಯುತ್ತಿದ್ದೇನೆ. ಪೆನ್ಸಿಲ್ವೇನಿಯಾದಲ್ಲಿ ವಾಸವಾಗಿರುವುದರಿಂದ ಅಂಥವರು ಪ್ರತಿ ಬೇಸಿಗೆಯಲ್ಲೂ ಕಣ್ಣಿಗೆ ಬೀಳುತ್ತಾರೆ. ಬರವಣಿಗೆ ಸರಾಗವಾಗಿಯೇ ಸಾಗಿತ್ತು. ಆದರೆ ಒಂದು ಕ್ರಿಯಾಪದದ ಬಳಿ ಎರಡು ವಾರದಿಂದ ನಿಂತುಬಿಟ್ಟಿದ್ದೇನೆ.

ಈ ಹವ್ಯಾಸಿಗಳ ನಡುವೆ ‘ಫಾರ್ಬ್’ ಎಂಬ ಬೈಗುಳವಿದೆ. ಸೈನಿಕನ ವೇಷದಲ್ಲಿದ್ದೂ ಕೈಗಡಿಯಾರ ಕಟ್ಟಿಕೊಂಡವನು, ಪಾಲಿಯೆಸ್ಟರ್ ಅಂಗಿ ತೊಟ್ಟವನು, ಆ ಕಾಲಕ್ಕೆ ಸಲ್ಲದ ಯಾವುದೇ ವಸ್ತುವನ್ನು ನಾಚಿಕೆಯಿಲ್ಲದೆ ಹೊತ್ತುಕೊಂಡು ಬಂದವನು ಅವರಿಗೆ ಫಾರ್ಬ್. ಯುದ್ಧದ ಶತಮಾನೋತ್ಸವ ನಡೆದ 1960ರ ದಶಕದ ಆರಂಭದಿಂದ ಈ ಮಾತು ಬಳಕೆಯಲ್ಲಿದೆ. ಬಣ್ಣ ಎಂಬರ್ಥದ ಜರ್ಮನ್ ಪದದಿಂದ ಬಂತೆನ್ನುವವರಿದ್ದಾರೆ, ಒಂದು ಇಂಗ್ಲಿಷ್ ವಾಕ್ಯದ ಮೊದಲ ಪದಗಳನ್ನು ಕತ್ತರಿಸಿ ಜೋಡಿಸಿದ್ದೆನ್ನುವವರೂ ಇದ್ದಾರೆ. ಅದರಿಂದ ಹುಟ್ಟಿದ್ದು ‘ಡಿಫಾರ್ಬ್’: ಹೊಸದಾಗಿ ತಯಾರಾದ ಹಳೆಯ ಮಾದರಿಯ ಕೋವಿಯಲ್ಲಿ ಇಂದಿನ ಕಾಲದ ಗುರುತುಗಳೆಲ್ಲವನ್ನೂ ನಿವಾರಿಸಿ, ಅಂದಿನ ಕೋವಿಯಂತೆಯೇ ಆಗುವ ಹಾಗೆ ತಿದ್ದುವುದು.

ನಮ್ಮ ಬೀದಿಯಲ್ಲೇ ಇರುವ ಹಿರಿಯರೊಬ್ಬರು ಈ ಕೆಲಸ ಮಾಡುತ್ತಾರೆ. ಕಳೆದ ಚಳಿಗಾಲದಲ್ಲಿ ಅವರ ಗ್ಯಾರೇಜಿನಲ್ಲಿ ಎರಡು ಮಧ್ಯಾಹ್ನ ಕುಳಿತು ನೋಡಿದೆ. ಮೇಜಿನ ಮೇಲಿದ್ದದ್ದು ಇಟಲಿಯಲ್ಲಿ ತಯಾರಾದ, 1853ರ ಮಾದರಿಯ ಎನ್‌ಫೀಲ್ಡ್ ಕೋವಿಯ, ಅಂದರೆ ಆ ಯುದ್ಧದಲ್ಲಿ ಬಳಕೆಯಾದ ಬ್ರಿಟಿಷ್ ಕೋವಿಯ, ಪಡಿಯಚ್ಚು. ನಳಿಗೆಯ ಮೇಲೆ ತಯಾರಕರ ಹೆಸರು, ಕ್ರಮಸಂಖ್ಯೆ, ಕಪ್ಪು ಮದ್ದನ್ನು ಮಾತ್ರ ಬಳಸಬೇಕೆಂಬ ಎಚ್ಚರಿಕೆ, ಅಲ್ಲಿನ ಗಾರ್ಡೋನೆ ವಾಲ್ ಟ್ರೊಂಪಿಯಾ ಊರಿನ ಕೋವಿ ಪರೀಕ್ಷಾಲಯದ ಮುದ್ರೆ, ಎಲ್ಲವೂ ಎದ್ದು ಕಾಣುತ್ತಿದ್ದವು. ಮರಕ್ಕೆ ಗಾಜಿನಂತೆ ಹೊಳೆಯುವ ವಾರ್ನಿಷ್ ಬಳಿದಿತ್ತು. ಅವರು ಆ ವಾರ್ನಿಷನ್ನು ಪೂರ್ತಿಯಾಗಿ ಕೆರೆದು ತೆಗೆದು, ಮುಷ್ಟಿ ಕೂರುವ ಕಡೆಯಲ್ಲಿ ಅನಗತ್ಯವಾಗಿ ದಪ್ಪಗಿದ್ದ ಮರವನ್ನು ಹೆರೆದು ಸಪೂರ ಮಾಡಿದರು. ಮೂಲ ಕೋವಿಯೊಂದರ ಅಳತೆಗೆ ಕತ್ತರಿಸಿಟ್ಟುಕೊಂಡಿದ್ದ ರಟ್ಟಿನ ತುಂಡನ್ನು ನಾಲ್ಕು ಸಲ ಹೆರೆದಾಗಲೊಮ್ಮೆ ಮರಕ್ಕೆ ಹಿಡಿದು, ಎಲ್ಲಿ ಬೆಳಕು ತೂರಿ ಬರುತ್ತದೆಂದು ನೋಡುತ್ತಿದ್ದರು. ಆಮೇಲೆ ಅಗಸೆ ಎಣ್ಣೆಯನ್ನು ಅಂಗೈಗೆ ಹಾಕಿಕೊಂಡು, ಕೈ ಬಿಸಿಯೇರುವ ತನಕ ಆ ಅಕ್ರೋಟು ಮರವನ್ನು ತಿಕ್ಕಿದರು. ನಳಿಗೆಯ ಮೇಲಿನ ಅಕ್ಷರಗಳನ್ನು ಅರದಿಂದ ಉಜ್ಜಿ ತೆಗೆದರಾದರೂ, ತಯಾರಕರ ಹೆಸರು, ಸಂಖ್ಯೆ, ಎಚ್ಚರಿಕೆ ಮೂರನ್ನೂ ನಳಿಗೆಯ ಅಡಿಯಲ್ಲಿ, ಮರದೊಳಗೆ ಹುದುಗುವ ಭಾಗದಲ್ಲಿ ಮರಳಿ ಒತ್ತಿದರು. ಮುಂದೆ ಯಾರೂ ಇದನ್ನು ಅಸಲಿ ಎಂದು ಹೇಳಿ ಮಾರಬಾರದು, ಬಳಸುವವನಿಗೆ ಮದ್ದಿನ ವಿಷಯದಲ್ಲಿ ತಪ್ಪು ತಿಳಿವಳಿಕೆ ಆಗಬಾರದು ಎಂದು ಅವರು ಕಾರಣ ಹೇಳಿದರು.

ಈಗ ಪದದ ವಿಷಯ. ನನಗೆ ಮೊದಲು ಹೊಳೆದದ್ದು ‘ಹಳತಾಗಿಸು’. ಕರಡಿನಲ್ಲಿ ಹಾಗೆಯೇ ಬರೆದಿದ್ದೆ. ಆ ಹಿರಿಯರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಿದಾಗ ಅವರು ಕೆಲಸ ನಿಲ್ಲಿಸಿ, ಅದು ಸಂಪೂರ್ಣ ತಪ್ಪೆಂದರು. ಯೋಚಿಸಿದರೆ ಅವರ ಮಾತೇ ಸರಿ. ಬೀಗದ ಫಲಕದ (ಗುಂಡು ಸಿಡಿಸುವ ಯಂತ್ರವನ್ನು ಹೊತ್ತ ಲೋಹದ ತಗಡಿನ) ಮೇಲೆ 1862 ಎಂದು ಒತ್ತಿದ ಎನ್‌ಫೀಲ್ಡ್ ಕೋವಿ, 1863ರ ಜುಲೈ 1ರಿಂದ 3ರವರೆಗೆ ಗೆಟಿಸ್‌ಬರ್ಗಿನಲ್ಲಿ ಕಾಳಗ ನಡೆದಾಗ ಹೆಚ್ಚುಕಡಿಮೆ ಹೊಸದೇ ಆಗಿತ್ತು. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಆಯುಧಾಗಾರದ 1861ರ ಮಾದರಿಯ ಕೋವಿಯ ನಳಿಗೆಗೆ ಬಣ್ಣವನ್ನೇ ಕಟ್ಟುತ್ತಿರಲಿಲ್ಲ. ಬಿಳಿ ಕಬ್ಬಿಣ ಹೊಳೆಯುತ್ತಿತ್ತು, ಅದು ಹಾಗೆಯೇ ಹೊಳೆಯುವಂತೆ ಸೈನಿಕ ಉಜ್ಜಿಟ್ಟುಕೊಳ್ಳಬೇಕಿತ್ತು. ಆ ಸೈನಿಕನ ವೇಷ ಹಾಕಿದವನ ಕೈಯಲ್ಲಿ ತುಕ್ಕು ಹಿಡಿದು ಮಾಸಿದ ಕೋವಿ ಇದ್ದರೆ ಅದೂ ಸುಳ್ಳೇ. ವಸ್ತುವನ್ನು ಹಳೆಯದಾಗಿ ಕಾಣಿಸುವುದು ಒಂದು ಕೆಲಸ, ಅಂದಿನದಾಗಿ ಕಾಣಿಸುವುದು ಇನ್ನೊಂದು. ಕನ್ನಡದಲ್ಲಿ ‘ಹಳೆಯ’ ಮತ್ತು ‘ಅಂದಿನ’ ಎಂಬ ಎರಡು ಮಾತುಗಳ ನಡುವೆ ಇಷ್ಟು ಸ್ಪಷ್ಟ ಗೆರೆ ಇರುವಾಗ ಅದನ್ನು ಅಳಿಸುವ ಪದವನ್ನು ನಾವು ಆರಿಸಬಾರದೆಂದು ನನಗೆ ಬಲವಾಗಿ ಅನಿಸುತ್ತದೆ.

‘ಕಾಲದೋಷ ನಿವಾರಣೆ’ ಎಂಬ ಸಲಹೆಯನ್ನು ಮಿತ್ರರೊಬ್ಬರು ಕೊಟ್ಟರು. ಕಾಲಕ್ಕೆ ಸಲ್ಲದ ಸಂಗತಿಯನ್ನು ನಮ್ಮ ಕಾವ್ಯಮೀಮಾಂಸೆ ದೋಷವೆಂದೇ ಎಣಿಸಿದೆ ಎಂಬುದು ಅವರ ಆಧಾರ. ದಂಡಿಯ ಕಾವ್ಯಾದರ್ಶದಲ್ಲಿ ದೇಶಕಾಲವಿರೋಧ ಬರುವುದು ನಿಜ. ಆದರೆ ಅಲ್ಲಿನ ಕಾಲವಿರೋಧದ ಉದಾಹರಣೆ ತಾವರೆ ಇರುಳಿನಲ್ಲಿ ಅರಳುವುದು, ನೈದಿಲೆ ಹಗಲಿನಲ್ಲಿ ಬಿರಿಯುವುದು. ಅಂದರೆ ‘ಕಾಲ’ ಎಂಬುದಕ್ಕೆ ಹೊತ್ತು, ಋತು ಎಂಬ ಅರ್ಥವೇ ಹೊರತು ಯುಗ, ಶತಮಾನ ಎಂಬ ಅರ್ಥವಲ್ಲ. ಅದೂ ಅಲ್ಲದೆ ‘ದೋಷ ನಿವಾರಣೆ’ ಎಂದ ಕೂಡಲೇ ಓದುಗರ ಮನಸ್ಸು ಜಾತಕ, ಶಾಂತಿಹೋಮಗಳ ಕಡೆಗೆ ಹೋಗುತ್ತದೆ. ‘ಜೀರ್ಣೋದ್ಧಾರ’ ಹಳೆಯ ಗುಡಿಗೆ ಸಲ್ಲುತ್ತದೆ, ಇಲ್ಲಿ ಜೀರ್ಣವಾದದ್ದೇನೂ ಇಲ್ಲ. ‘ಕಾಲೋಚಿತ’ ಎಂಬುದು ಈ ಹೊತ್ತಿಗೆ ತಕ್ಕದ್ದು ಎಂಬರ್ಥದಲ್ಲಿ ಆಗಲೇ ನೆಲೆಯೂರಿದೆ. ಪಡಿಯಚ್ಚಿಗೆ ‘ನಕಲಿ ಕೋವಿ’ ಎನ್ನುವುದನ್ನಂತೂ ನಾನು ಒಪ್ಪಲಾರೆ. ನಕಲಿ ಎಂದರೆ ಮೋಸದ ವಾಸನೆ ಬರುತ್ತದೆ, ನಳಿಗೆಯ ಅಡಿಯಲ್ಲಿ ನಿಜವನ್ನು ಒತ್ತಿಡುವವರಿಗೆ ಅದು ಅನ್ಯಾಯ.

ನಾನು ನಿಮ್ಮ ಮುಂದಿಡುತ್ತಿರುವ ಪದ ‘ಕಾಲಕ್ಕೆ ಕೂಡಿಸು’. ತಂಬೂರಿಯನ್ನು ಶ್ರುತಿಗೆ ಕೂಡಿಸುತ್ತೇವೆ. ತಂತಿ ನಿನ್ನೆಯದೋ ಹತ್ತು ವರ್ಷದ್ದೋ ಎಂಬುದು ಅಲ್ಲಿ ಮುಖ್ಯವಲ್ಲ, ಷಡ್ಜಕ್ಕೆ ಕೂಡಿತೇ ಇಲ್ಲವೇ ಎಂಬುದಷ್ಟೇ ಮುಖ್ಯ. ಕೋವಿಯ ಕೆಲಸವೂ ಅಂಥದ್ದೇ. ಎಳೆಯುತ್ತಾ ಸಡಿಲಿಸುತ್ತಾ ಕಿವಿಗೊಟ್ಟು ಕೇಳುವ ತಾಳ್ಮೆಯೂ ಆ ಪದದೊಂದಿಗೆ ಬರುತ್ತದೆ. ರಟ್ಟಿನ ತುಂಡನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದವರ ಮುಖದಲ್ಲಿ ನಾನು ಕಂಡದ್ದು ಅದನ್ನೇ. ‘ಕಾಲ ತಪ್ಪಿದ ಮಳೆ’ ಎಂದು ಹೇಗೂ ಹೇಳುತ್ತೇವಾದ್ದರಿಂದ, ಫಾರ್ಬಿಗೆ ‘ಕಾಲ ತಪ್ಪಿದ’ ಎಂಬ ವಿಶೇಷಣ ಜೊತೆಯಾಗಬಹುದು: ಕಾಲ ತಪ್ಪಿದ ವಾರ್ನಿಷ್, ಕಾಲ ತಪ್ಪಿದ ಮುದ್ರೆ. ಬೈಗುಳವನ್ನು ಮಾತ್ರ ‘ಫಾರ್ಬ್’ ಎಂದೇ ಇಟ್ಟುಕೊಳ್ಳುವ ಮನಸ್ಸಿದೆ, ಏಕೆಂದರೆ ಒಂದು ಗುಂಪಿನ ಬೈಗುಳಕ್ಕೆ ಅದರ ಸದ್ದೇ ಅರ್ಧ ಅರ್ಥ.

ಎರಡು ಆಕ್ಷೇಪಗಳು ನನಗೇ ಕಾಣುತ್ತಿವೆ. ‘ಕಾಲ ಕೂಡಿ ಬಂತು’ ಎಂಬ ನುಡಿಗಟ್ಟಿನ ನೆರಳು ಇದರ ಮೇಲೆ ಬೀಳಬಹುದು. ಆದರೆ ಅಲ್ಲಿ ಕಾಲವೇ ಕರ್ತೃ, ಇಲ್ಲಿ ಚತುರ್ಥಿ ವಿಭಕ್ತಿ ಇರುವುದರಿಂದ ಗೊಂದಲವಾಗಲಾರದು. ಇನ್ನೊಂದು ನಾಮಪದದ ತೊಡಕು. ‘ಕಾಲಗೂಡಿಕೆ’ ಎಂದರೆ ಅರಿಸಮಾಸವಾಗುತ್ತದೆ, ಮೇಲಾಗಿ ‘ಗೂಡು’ ಇಣುಕುತ್ತದೆ. ಸದ್ಯಕ್ಕೆ ‘ಕಾಲಕ್ಕೆ ಕೂಡಿಸುವ ಕೆಲಸ’, ‘ಕಾಲಕ್ಕೆ ಕೂಡಿಸಿದ ಕೋವಿ’ ಎಂದು ಉದ್ದವಾಗಿಯೇ ಬರೆಯುತ್ತಿದ್ದೇನೆ. ಇದಕ್ಕಿಂತ ಅಡಕವಾದ ರೂಪ ಹೊಳೆದವರು ದಯವಿಟ್ಟು ತಿಳಿಸಬೇಕು.

ಜೊತೆಗೆ ಎರಡು ಸಣ್ಣ ಸಂದೇಹಗಳಿವೆ. ಕೊಬ್ಬು ಸವರಿದ ತೋಟಾಗಳಿಂದಾಗಿ 1857ರ ಪಾಠದಲ್ಲಿ ಬರುವುದು ಇದೇ ಎನ್‌ಫೀಲ್ಡ್. ಅಲ್ಲಿ ಅದನ್ನು ‘ಬಂದೂಕು’ ಎಂದೇ ಓದಿ ನಮಗೆ ರೂಢಿ. ನಳಿಗೆಯ ಬಾಯಿಯಿಂದ ಮದ್ದು ಜಡಿದು, ಕೇಪು (ಬಡಿದಾಗ ಕಿಡಿ ಹಾರಿಸುವ ಪುಟ್ಟ ಲೋಹದ ಟೊಪ್ಪಿಗೆ) ಇಟ್ಟು ಹೊಡೆಯುವ ಆಯುಧಕ್ಕೆ ಮಲೆನಾಡಿನ ‘ಕೇಪಿನ ಕೋವಿ’ ಹೆಚ್ಚು ನಿಖರವೆಂದು ನಾನು ‘ಕೋವಿ’ಯನ್ನು ಆರಿಸಿದ್ದೇನೆ. ಬಯಲುಸೀಮೆಯ ಓದುಗರಿಗೆ ಇದು ತೊಡಕಾಗುವುದೇ? ಮತ್ತೊಂದು ‘ಕುದುರೆ’ಯದು. ಬೆರಳಿನಿಂದ ಎಳೆಯುವ ಭಾಗಕ್ಕೂ ಕೇಪಿನ ಮೇಲೆ ಬಂದು ಬಡಿಯುವ ಭಾಗಕ್ಕೂ ಅದೇ ಮಾತು ಓಡಾಡುತ್ತಿದೆ. ನನ್ನ ಲೇಖನದಲ್ಲಿ ಎರಡೂ ಒಂದೇ ವಾಕ್ಯದಲ್ಲಿ ಬರುತ್ತವೆ. ಕೊಡಗು, ಮಲೆನಾಡಿನ ಕಡೆ ಕೋವಿ ಇರುವ ಮನೆಗಳಲ್ಲಿ ಬೆಳೆದವರು, ನಿಮ್ಮ ಹಿರಿಯರು ಇವೆರಡನ್ನು ಬೇರೆ ಬೇರೆ ಹೆಸರಿನಿಂದ ಕರೆಯುತ್ತಿದ್ದರೇ ಎಂಬುದನ್ನು ಊರಿನ ಹೆಸರಿನ ಸಮೇತ ಬರೆದರೆ ಉಪಕಾರವಾಗುತ್ತದೆ.